ಎರಡು ಬಳೆಗಳ ನಡುವಿನ ಜಾಗ

ಅವರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಕೇಳುತ್ತಿದ್ದರು. ಸೆರಗಿನ ತುದಿಯಲ್ಲಿ ಹುಣಿಸೆ ಬೀಜಗಳನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿರುತ್ತಿದ್ದರು; ನಡೆದರೆ ಚಟಚಟ ಸದ್ದು. ಲೆಕ್ಕ ತಪ್ಪಿ ಅಳುವ ಮಗುವಿನ ಮುಂದೆ ಕೂತು ಆ ಗಂಟು ಬಿಚ್ಚುವರು. ಬೆರಳಿಗೆ ಹತ್ತಿದ ಸೀಮೆಸುಣ್ಣ ಕಾಫಿ ಲೋಟದ ಮೇಲೂ ಅಚ್ಚೊತ್ತಿರುತ್ತಿತ್ತು. ಯಾರಾದರೂ ಅವಸರ ಮಾಡಿದರೆ, "ಕಾವಲಿ ಕಾಯದೆ ದೋಸೆ ಏಳೂದಿಲ್ಲ ಮಾರಾಯ್ತಿ" ಎನ್ನುವರು.

ಮದ್ರಾಸಿನಲ್ಲಿ ಕನ್ನಡದವರು ಸೇರಿ ನಡೆಸುತ್ತಿದ್ದ ಪುಟ್ಟ ಶಾಲೆಗೆ ಅವರು ಹೆಡ್ ಟೀಚರ್. ಕರಾವಳಿಯವರು, ಅವರ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನಾನು ಎಪ್ಪತ್ತರ ದಶಕದ ನಡುವೆ, ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ, ಮೈಸೂರಿನ ಕಡೆಯಿಂದ ಬಂದವಳು. ತಮಿಳು ಸುತರಾಂ ಬಾರದು. ತರಕಾರಿಯವಳಿಗೆ ಬೆರಳಲ್ಲಿ ತೋರಿಸಿ ಕೊಳ್ಳುವುದು, ಬಾಗಿಲು ಹಾಕಿಕೊಳ್ಳುವುದು, ಇಷ್ಟೇ ನನ್ನ ಮದ್ರಾಸು. ಮಗಳು ಒಂದನೇ ಕ್ಲಾಸಿಗೆ ಸೇರಿದ್ದರಿಂದ ಶಾಲೆಯ ಗೇಟಿನವರೆಗಾದರೂ ಹೊರಬಿದ್ದೆ.

ಆ ವರ್ಷ ಶಾಲೆಗೆ ಲೆಕ್ಕದ ಪುಸ್ತಕ ಆರಿಸುವ ಗಲಾಟೆ. ಹಳೆಯದರಲ್ಲಿ ಮಗ್ಗಿ, ಕೂಡುವುದು, ಕಳೆಯುವುದು. ಹೊಸದು ಬಣ್ಣದ ಇಂಗ್ಲಿಷ್ ಪುಸ್ತಕ. ಮೊದಲ ಪಾಠವೇ 'ಸೆಟ್', ಅಂದರೆ ವಸ್ತುಗಳನ್ನು ಗುಂಪು ಮಾಡಿ ಸುತ್ತ ಬಳೆಯಂತೆ ಗುಂಡು ಗೆರೆ ಬರೆಯುವುದು. ಶಾಲೆಯ ಕಮಿಟಿಯ ಕಾರ್ಯದರ್ಶಿಗಳು ವಿಮಾ ಕಚೇರಿಯ ಅಧಿಕಾರಿ. ಗೇಟಿನ ಹತ್ತಿರವೇ ಶುರುಮಾಡಿದರು.

"ಬೆಸೆಂಟ್ ನಗರದ ಕಡೆ ಶಾಲೆಗಳಲ್ಲೆಲ್ಲ ಇದೇ ಬಂದಿದೆ ಟೀಚರ್. ನಾವು ಹಳೇದನ್ನೇ ಹಿಡ್ಕೊಂಡ್ರೆ ಮಕ್ಕಳು ಬಿಟ್ಟು ಹೋಗ್ತಾರೆ. ಒಂದನೇ ಕ್ಲಾಸೇ ತುಂಬದಿದ್ರೆ ಶಾಲೆ ಎಲ್ಲಿ ಉಳೀತದೆ?"

"ಹೊಸದು ತಂದ್ರೆ ಮನೇಲಿ ಹೇಳಿಕೊಡೂದು ಯಾರು? ನೀವು ಬರ್ತೀರಾ?" ಎಂದರು ಟೀಚರ್.

ಮಗ್ಗಿಯೆಂದರೆ ಅವರಿಗೆ ಪ್ರಾಣ. ಹಳೆಯದನ್ನೇ ಉಳಿಸುತ್ತಾರೆಂದು ಎಲ್ಲರ ಎಣಿಕೆ. ಅವರು ಮಾತ್ರ ತಾಯಂದಿರಿಗೆ ಹೇಳಿಕಳಿಸಿದರು: ಶುಕ್ರವಾರ ಊಟ ಮುಗಿಸಿ ಬನ್ನಿ, ನಿಮಗೇ ಪಾಠ.

ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತೆವು. ಮೊದಲು ಹಳೆಯ ಪುಸ್ತಕ. ಏಳರ ಮಗ್ಗಿಯನ್ನು ಎಲ್ಲರೂ ರಾಗವಾಗಿ ಒಪ್ಪಿಸಿದೆವು. ಟೀಚರ್ ಮುಖ ಅರಳಿತು. "ಸರಿ, ಬೆಂಚಿಗೆ ಏಳು ಮಕ್ಕಳಂತೆ ಎಂಟು ಬೆಂಚಿಗೆ ಎಷ್ಟು?" ಎಂದರು. ಒಂದೊಂದೇ ಬಾಯಿ ಮೆಲ್ಲಗೆ, "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂದು ಬುಡದಿಂದ ಗುನುಗತೊಡಗಿತು. ಟೀಚರ್ ಪುಸ್ತಕ ಮುಚ್ಚಿದರು.

ಆಮೇಲೆ ರಂಗೋಲಿ ಪುಡಿ ತಂದು ನೆಲದ ಮೇಲೆ ದೂರದೂರಕ್ಕೆ ಎರಡು ಬಳೆ ಬಿಟ್ಟರು. "ಕನ್ನಡ ಬರುವವರು ಇದರೊಳಗೆ. ತಮಿಳು ಬರುವವರು ಅದರೊಳಗೆ. ಹೂಂ, ಏಳಿ."

ಗಲಿಬಿಲಿಯೋ ಗಲಿಬಿಲಿ. ಇಲ್ಲೇ ಹುಟ್ಟಿ ಬೆಳೆದ ಹೆಂಗಸರು ಇದಕ್ಕೆ ಹೋಗುವರು, ಅದಕ್ಕೆ ಓಡುವರು. ಹೋಟೆಲಿನ ಅಡುಗೆಯವರ ಹೆಂಡತಿ ನಡುವೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. "ಎರಡೂ ಬರುವವಳು ಎಲ್ಲಿ ಸಾಯೂದು ಟೀಚರೇ? ಬಳೆಯನ್ನೇ ಒಂದರ ಮೇಲೊಂದು ಎಳೀರಿ!"

ಟೀಚರ್ ಜೋರಾಗಿ ನಕ್ಕರು. "ನೋಡಿ, ಪುಸ್ತಕದ ಮುಂದಿನ ಪುಟ ಇವಳೇ ಹೇಳಿಬಿಟ್ಟಳು!" ಬಳೆಗಳನ್ನು ಅಳಿಸಿ, ಒಂದರೊಳಗೊಂದು ಹಾಯುವಂತೆ ಮತ್ತೆ ಬರೆದರು. ಎಲ್ಲರೂ ನಡುವಿನ ಸಂದಿಗೆ ನುಗ್ಗಿ, ಒಬ್ಬರ ಕಾಲು ಒಬ್ಬರು ತುಳಿದು ನಕ್ಕರು. ಕನ್ನಡದ ಬದಿಯಲ್ಲಿ ಉಳಿದವಳು ನಾನೊಬ್ಬಳೇ. ನಾಚಿಕೆಯಿಂದ ಕಣ್ಣು ತುಂಬಿತು.

ಅವರು ಬಂದು ನನ್ನ ಪಕ್ಕ ನಿಂತರು. "ನೀವು ಇಲ್ಲದಿದ್ರೆ ಈ ಜಾಗ ಖಾಲಿ, ಪಾಠವೇ ಅರ್ಧ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಾನೂ ಬಂದ ಹೊಸತರಲ್ಲಿ ಇಲ್ಲೇ ನಿಂತಿದ್ದೆ. ನಡುವೆ ಹೋಗ್ಲಿಕ್ಕೆ ಒಂದೇ ಹೆಜ್ಜೆ ಗೊತ್ತುಂಟಾ?"

ಸಂಜೆ ಕಾರ್ಯದರ್ಶಿಗಳಿಗೆ ಹೇಳಿದರಂತೆ: "ಹೊಸದೇ ಇರಲಿ. ಇಷ್ಟು ವರ್ಷ ನಾನು ಬಾಯಿಗೆ ಕಲಿಸಿದ್ದು ತಲೆಗೆ ಇಳೀಲಿಲ್ಲ ಅಂತ ಇವತ್ತು ಕಂಡಿತು. ಮಗ್ಗಿ ಬಿಡೂದಿಲ್ಲ, ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಹೇಳಿಸ್ತೇನೆ. ಆದ್ರೆ ಪ್ರತಿ ಶುಕ್ರವಾರ ತಾಯಂದಿರಿಗೆ ಮೊದಲು ಪಾಠ, ಮಕ್ಕಳಿಗೆ ಆಮೇಲೆ."

"ಹಾಗಾದ್ರೆ ಅಮ್ಮಂದಿರಿಗೂ ಯೂನಿಫಾರ್ಮ್ ಹೊಲಿಸೋಣ್ವಾ?"

"ಮೊದಲು ದೊಡ್ಡ ಬೆಂಚು ಮಾಡಿಸಿ. ಕಾಲು ನೋಯ್ತದೆ ಅವರಿಗೆ."

ಒಂದನೇ ಕ್ಲಾಸು ತುಂಬಿತು. ನಾನು ಶುಕ್ರವಾರ ತಪ್ಪಿಸಿದವಳಲ್ಲ. ಮಗಳಿಗಿಂತ ಮುಂಚೆ ಭಿನ್ನರಾಶಿ ಕಲಿತೆ. ಪಕ್ಕದಲ್ಲಿ ಕೂತವರ ಹರಟೆಯಿಂದ ತಮಿಳು ಕಲಿತೆ. ಯಾವಾಗ ಬಂತೆಂದು ಗೊತ್ತಾಗಲಿಲ್ಲ.

ಎಂಬತ್ತರ ದಶಕ ಮುಗಿಯುವ ಮುಂಚೆ ಅವರು ತೀರಿಕೊಂಡರು. ಮನೆಯ ಮುಂದೆ ಒಂದು ಕಡೆ ಊರಿನಿಂದ ಬಂದ ನೆಂಟರು. ಅವರಿಗೆ ತಮಿಳು ಬಾರದು. ಇನ್ನೊಂದು ಕಡೆ ಬೀದಿಯ ಜನ. ಅವರಿಗೆ ಕನ್ನಡ ಬಾರದು. ಹೂವಿನವಳು ಮಾಲೆ ಯಾರ ಕೈಗೆ ಕೊಡಲೆಂದು ತಮಿಳಿನಲ್ಲಿ ನನ್ನನ್ನು ಕೇಳಿದಳು. ಅವಳಿಗೆ ತಮಿಳಿನಲ್ಲೇ ಉತ್ತರಿಸಿ, ಮಾಲೆ ತಗೊಳ್ಳಿ ಎಂದು ನೆಂಟರಿಗೆ ಕನ್ನಡದಲ್ಲಿ ಹೇಳಿದೆ. ಅವರು ಏನೋ ಕೇಳಿದರು; ಈ ಕಡೆ ತಿರುಗಿ ಬೀದಿಯವರಿಗೆ ಹೇಳಿದೆ. ಹೀಗೇ ಬಹಳ ಹೊತ್ತು ನಡೆಯಿತು.

ಆ ಬಳೆಗಳ ಕತೆ ಕೇಳಿಯೇ ಬೆಳೆದು, ಈಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಬಂದು ತೋಳು ಹಿಡಿದಳು. "ಅಮ್ಮಾ, ನೀನು ಎಲ್ಲಿ ನಿಂತಿದ್ದೀಯ ನೋಡು."

ನೆಲ ನೋಡಿದೆ. ಅಲ್ಲಿ ಯಾರೂ ರಂಗೋಲಿ ಬಿಟ್ಟಿರಲಿಲ್ಲ.