ಸಡಿಲವಾಗುತ್ತಾ ಹೋದ ಪ್ಯಾಂಟುಗಳು

ನಮ್ಮ ಭಾವ ಟೈಲರ್. ಬೀದಿಯವರ ಬಾಯಲ್ಲಿ ಕಣ್ಣಳತೆ ಮಾಸ್ಟ್ರು. ಗಿರಾಕಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನ ಸೊಂಟದ ಸುತ್ತಳತೆ ಹೇಳಿಬಿಡುತ್ತಿದ್ದರು. ಆಮೇಲೆ ಟೇಪು ಹಿಡಿಯುವುದು ಬರೀ ಗಿರಾಕಿಯ ಸಮಾಧಾನಕ್ಕೆ. ಅವರ ಅಂಗಡಿಗೂ ನನ್ನ ಇಸ್ತ್ರಿ ಅಂಗಡಿಗೂ ನಡುವೆ ಎದೆಯೆತ್ತರದ ಒಂದು ಹಲಗೆ ಗೋಡೆ. ಅವರು ಹೊಲಿದದ್ದು ಅದರ ಮೇಲಿಂದ ಹಾದು ನನ್ನ ಮೇಜಿಗೆ ಬರುತ್ತಿತ್ತು.

ಇನ್ನೊಬ್ಬರ ಮೈಯ ವಿಷಯದಲ್ಲಿ ಭಾವನಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಎಂಥ ದೊಡ್ಡ ಅಧಿಕಾರಿ ಬಂದರೂ ಪ್ಯಾಂಟಿನ ಅಳತೆ ಬರೆದುಕೊಳ್ಳುತ್ತಾ, "ಸಾರ್, ಎಡಕ್ಕೆ ಬಿಡ್ತೀರೋ, ಬಲಕ್ಕೋ?" ಎಂದು ಕೇಳಿಬಿಡುತ್ತಿದ್ದರು. ಗಂಡಸಿನದು ಯಾವ ಕಡೆ ವಾಲುತ್ತದೋ ಆ ಕಡೆ ತೊಡೆಸಂದಿನಲ್ಲಿ ಒಂದು ನೂಲಿನಷ್ಟು ಬಟ್ಟೆ ಹೆಚ್ಚು ಬಿಡಬೇಕಂತೆ. ಅಧಿಕಾರಿಯ ಕಿವಿ ಕೆಂಪಾಗುತ್ತಿತ್ತು, ನಾನು ಈಚೆ ಕಡೆ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತಿದ್ದೆ. ಇದೇ ಮನುಷ್ಯ ತನ್ನ ಮೈ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಲ್ಲುನೋವು ಬಂದು ಕೆನ್ನೆ ಊದಿಕೊಂಡರೂ ಅಕ್ಕ ಮುಖ ತಿರುಗಿಸಿ ನೋಡಿಯೇ ತಿಳಿಯಬೇಕಿತ್ತು.

ವರ್ಷದ ಮೊದಲ ತಿಂಗಳಲ್ಲಿ ಅವರ ಸ್ವಂತ ಪ್ಯಾಂಟೊಂದು ಇಸ್ತ್ರಿಗೆ ಬಂತು. ತೊಡೆಸಂದಿನ ಹೊಲಿಗೆ ಬಿಚ್ಚಿ ಒಂದು ಬೆರಳಗಲ ಸಡಿಲ ಮಾಡಿದ್ದರು. ಬೇರೆಯವರಿಗೆ ಅದು ಕಾಣುವುದಿಲ್ಲ. ಇಸ್ತ್ರಿಯವನಿಗೆ ಕಾಣುತ್ತದೆ: ಹಳೆಯ ಹೊಲಿಗೆಯ ಸೂಜಿ ತೂತು ಸಾಲಾಗಿ ಉಳಿದಿರುತ್ತದೆ, ಇಷ್ಟು ದಿನ ಒಳಗೆ ಮಡಚಿಕೊಂಡಿದ್ದ ಬಟ್ಟೆಯ ಬಣ್ಣ ಮಾಸಿರುವುದಿಲ್ಲ. ಭಾವ ದಪ್ಪಗಾಗುತ್ತಿದ್ದಾರೆ ಅಂದುಕೊಂಡೆ. ಆದರೆ ಸೊಂಟದ ಹೊಲಿಗೆ ಇದ್ದ ಹಾಗೇ ಇತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ನನ್ನ ತಲೆಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.

ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಭಾವ ಹಲಗೆಯ ಮೇಲೆ ಮೊಣಕೈಯೂರಿ ನಿಂತರು. ನನ್ನ ಬಳಿ ಇಬ್ಬರು ಗಿರಾಕಿಗಳು ಅಂಗಿಗಾಗಿ ಕಾಯುತ್ತಿದ್ದರು. ಭಾವ ದನಿ ತಗ್ಗಿಸಿದರು.

"ನಿಂಗೆ ಯಾವಾಗಾದ್ರೂ ಕೆಳಗಡೆ ಒಂಥರಾ ಭಾರ ಅನ್ಸಿದೆಯೇನೋ? ನೋವು ಅಂತಲ್ಲ. ಏನೋ ಜೋತುಬಿದ್ದ ಹಾಗೆ."

"ಅಕ್ಕ ಊರಿಗೆ ಹೋಗಿ ವಾರ ಆಯ್ತು ಭಾವ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಭಾರ ಅನ್ಸದೇ ಇನ್ನೇನಾಗುತ್ತೆ!"

ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕು ಮಷಿನ್ನಿಗೆ ಹೋಗಿ ಕೂತರು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಒಂದೊಂದೇ ಬದಲಾಯಿತು. ಸ್ಟೂಲಿನ ಮೇಲೆ ದಿಂಬು ಬಂತು. ಕತ್ತರಿಸುವ ಕೆಲಸವನ್ನೆಲ್ಲ ನಿಂತೇ ಮಾಡತೊಡಗಿದರು. ಸೊಂಟದ ಹಿಂದೆ ಕೈಯೊತ್ತಿಕೊಂಡು, "ಈ ಹಾಳು ಸ್ಟೂಲು ನನ್ನ ಬೆನ್ನು ತಿಂದುಹಾಕ್ತು," ಎನ್ನುತ್ತಿದ್ದರು. ಪ್ಯಾಂಟುಗಳು ಬರುತ್ತಲೇ ಇದ್ದವು, ನಾನು ಉಜ್ಜುತ್ತಲೇ ಇದ್ದೆ.

ಎಂಟನೆಯ ತಿಂಗಳಲ್ಲಿ ಅಕ್ಕ ಐದು ಪ್ಯಾಂಟು ತಂದು ನನ್ನ ಮೇಜಿನ ಮೇಲೆ ಹಾಕಿದಳು. "ಏನೋ ಇದು? ನಿಮ್ಮ ಭಾವನಿಗೆ ತಲೆ ಕೆಟ್ಟಿದೆಯಾ?"

ಒಂದರ ಪಕ್ಕ ಒಂದು ಹರಡಿದೆವು. ಮೊದಲನೆಯದು ಒಂದು ಬೆರಳು ಸಡಿಲ, ಎರಡನೆಯದು ಎರಡು ಬೆರಳು. ಕೊನೆಯ ಮೂರರಲ್ಲಿ ಒಳಗಿನ ಬಟ್ಟೆ ಸಾಲದೆ ಬೇರೆ ತುಂಡು ಸೇರಿಸಿ ಹೊಲಿದಿತ್ತು, ಒಂದಕ್ಕಿಂತ ಒಂದು ದೊಡ್ಡದು. ಐದರಲ್ಲೂ ಬಿಚ್ಚಿದ್ದು ಎಡಗಡೆ ಮಾತ್ರ. ಬಲಗಡೆಯ ಹೊಲಿಗೆಯನ್ನು ಮುಟ್ಟಿಯೇ ಇರಲಿಲ್ಲ. ಕೆಳಗಡೆ ಭಾರ ಅಂತ ಭಾವ ಅವತ್ತು ಕೇಳಿದ್ದು ಆಗ ನೆನಪಾಯಿತು. ಅಕ್ಕ ಹಲಗೆಯಾಚೆ ನೋಡಿದಳು. ಭಾವ ತಲೆ ಎತ್ತಲಿಲ್ಲ, ಮಷಿನ್ನು ಮಾತ್ರ ನಿಂತುಹೋಗಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಎಳೆದುಕೊಂಡೇ ಹೋದೆವು. ಡಾಕ್ಟರಮ್ಮ ಪರದೆಯ ಹಿಂದೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ ಹೊರಬಂದರು. ಕೈ ತೊಳೆಯುವಾಗ ಅವರು ನಮ್ಮ ಕಡೆ ನೋಡದಿದ್ದದ್ದು ನನಗೆ ಸರಿಕಾಣಲಿಲ್ಲ.

"ಎಷ್ಟು ದಿನದಿಂದ ಇದೆ?"

"ಎರಡು ತಿಂಗಳು," ಎಂದರು ಭಾವ.

"ಎಂಟು," ಎಂದೆ ನಾನು. "ಬಟ್ಟೆ ನೋಡಿದ್ದೀನಿ."

"ನೋವಿರ್ಲಿಲ್ಲ ಮೇಡಂ," ಭಾವ ನೆಲ ನೋಡುತ್ತಾ ಹೇಳಿದರು. "ನೋವಿದ್ದಿದ್ರೆ ಬರ್ತಿದ್ದೆ. ಪ್ಯಾಂಟ್ ಬಿಗಿ ಅನ್ಸ್ತು, ಸಡಿಲ ಮಾಡ್ಕೊಂಡೆ."

"ನೋವಿಲ್ಲದೇ ಗಟ್ಟಿಯಾಗೋದಕ್ಕೇ ನಾವು ಹೆದರೋದು," ಎಂದರು ಡಾಕ್ಟರಮ್ಮ, ಸ್ಕ್ಯಾನಿಗೆ ಚೀಟಿ ಬರೆಯುತ್ತಾ. "ಬೀಜದಲ್ಲಿ ಭಾರ, ಸಣ್ಣ ನೋವು ಅಂತ ಬರೋರಲ್ಲಿ ಬಹಳ ಜನಕ್ಕೆ ದೊಡ್ಡದೇನೂ ಇರಲ್ಲ. ಪೆಟ್ಟು ಬಿದ್ದಿರುತ್ತೆ, ನರ ಊದಿರುತ್ತೆ, ನೀರು ತುಂಬಿರುತ್ತೆ. ಸೋಂಕಾದ್ರೆ ಜ್ವರ, ಉರಿ ಇರುತ್ತೆ, ಮಾತ್ರೆಗೆ ಹೋಗುತ್ತೆ. ಇದ್ದಕ್ಕಿದ್ದ ಹಾಗೆ ಜೋರಾಗಿ ನೋವು ಬಂದ್ರೆ ಮಾತ್ರ ಒಂದು ಗಂಟೇನೂ ಕಾಯಬಾರದು, ಬೀಜ ತಿರುಚಿಕೊಂಡಿರಬಹುದು. ಇನ್ನು ಕೈಗೆ ಗಂಟು ಸಿಕ್ಕಿದ್ರೆ, ಒಂದು ಕಡೆ ದಪ್ಪ ಆಗ್ತಾ ಹೋದ್ರೆ, ಭಾರ ವಾರ ಎರಡು ವಾರವಾದ್ರೂ ಇಳೀದಿದ್ರೆ, ನೋವಿರಲಿ ಬಿಡಲಿ, ಬಂದು ತೋರಿಸ್ಬೇಕು." ಪೆನ್ನು ಕೆಳಗಿಟ್ಟು ಭಾವನ ಮುಖ ನೋಡಿದರು. "ಬೆನ್ನುನೋವು ಏನಾದ್ರೂ ಇದೆಯಾ?"

ಭಾವ ನನ್ನ ಕಡೆ ತಿರುಗಿದರು. ಇದೆ ಎಂದು ನಾನೇ ಹೇಳಬೇಕಾಯಿತು. ಡಾಕ್ಟರಮ್ಮ ಅದೇ ಚೀಟಿಯಲ್ಲಿ ಹೊಟ್ಟೆಯ ಸ್ಕ್ಯಾನನ್ನೂ ಸೇರಿಸಿದರು.

ಆ ವಾರದಲ್ಲೇ ಎಡಗಡೆಯದನ್ನು ತೆಗೆದುಹಾಕಿದರು. ಮೊದಲೇ ಬಂದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತೋ ಏನೋ. ಕ್ಯಾನ್ಸರ್ ಆಗಲೇ ಹೊಟ್ಟೆಯೊಳಗೆ ಬೆನ್ನೆಲುಬಿನ ಪಕ್ಕದ ಗ್ರಂಥಿಗಳಿಗೆ ಹಬ್ಬಿತ್ತು. ಬೆನ್ನು ತಿಂದದ್ದು ಸ್ಟೂಲಲ್ಲ. ಈ ಕ್ಯಾನ್ಸರ್ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ, ಧೈರ್ಯವಾಗಿರಿ ಅಂತ ಡಾಕ್ಟರಮ್ಮ ಹೇಳಿದರು. ಗುಣವಾಗುತ್ತಾ ಅಂತ ಅಕ್ಕ ಕೇಳಿದ್ದಕ್ಕೆ, ಮೂರು ಸುತ್ತು ಔಷಧಿ ಮುಗಿಯಲಿ, ಆಮೇಲೆ ನೋಡೋಣ ಎಂದರು.

ಎರಡನೆಯ ಸುತ್ತಿನ ಹೊತ್ತಿಗೆ ಭಾವನ ತಲೆಕೂದಲು, ಹುಬ್ಬು ಎಲ್ಲ ಹೋಗಿದ್ದವು. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಮಂಚದ ಪಕ್ಕ ಕೂತಿದ್ದೆ. ನನ್ನ ಮೇಲೆ ನನಗೇ ಬಂದ ಅಸಹ್ಯವನ್ನು ಇನ್ನು ನುಂಗಿಕೊಂಡಿರಲು ಆಗಲಿಲ್ಲ.

"ಭಾವ, ಅವತ್ತು ನಾನು ಗಿರಾಕಿಗಳ ಮುಂದೆ ಹಲ್ಲು ಕಿರೀದೇ ಇದ್ದಿದ್ರೆ..."

"ಬಿಡೋ," ಎಂದರು. ನನ್ನ ಕಡೆ ಮಗ್ಗುಲಾದರು. "ನೀನು ನಗ್ತೀಯ ಅಂತ ಗೊತ್ತಿತ್ತು ಕಣೋ. ನಕ್ಕು ಮುಗಿಸಿ, ಆಮೇಲೆ ಬಂದು ಕೇಳ್ತೀಯ ಅಂದ್ಕೊಂಡಿದ್ದೆ."