ಚಿಗವ್ವನ ಹಿಮದ ಸಿನಿಮಾ, ಕಾಕಾನ ಒಂದು ಕೂಗು

ಶೇಂಗಾ ಸೀದ ವಾಸನೆ ಬಂತೆಂದರೆ ನಮ್ಮ ಚಿಗವ್ವನ ಮನೆಯಲ್ಲಿ ಸಿನಿಮಾ ಒಳ್ಳೆಯ ಘಟ್ಟಕ್ಕೆ ಬಂದಿದೆ ಎಂದು ತಿಳಿಯಬೇಕು. ಮೊನ್ನೆ ಭಾನುವಾರ ಮಧ್ಯಾಹ್ನ ಆ ವಾಸನೆ ಹಿಂದಿನ ಓಣಿಯ ನಮ್ಮ ಮನೆಯವರೆಗೂ ಬಂತು. ಎಳ್ಳಮಾವಾಸ್ಯೆ ಹತ್ತಿರವಾಗಿತ್ತು, ಹೋಳಿಗೆಗೆಂದು ಕೊಪ್ಪಳದ ಮನೆಮನೆಯಲ್ಲೂ ಶೇಂಗಾ ಹುರಿಯುವ ದಿನಗಳು. ಆದರೆ ಸೀದದ್ದು ಚಿಗವ್ವನದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಚಿಗವ್ವ ಎಂದರೆ ನಮ್ಮ ಸಣ್ಣ ಕಾಕಾ ವೀರಣ್ಣನ ಹೆಂಡತಿ, ಗೌರವ್ವ. ಅವಳ ಮಗಳು ಟಿ.ವಿ.ಗೆ ಅದೇನೋ ಜೋಡಿಸಿಕೊಟ್ಟ ಮೇಲೆ ಅವಳಿಗೆ ಒಂದು ಹೊಸ ಹುಚ್ಚು ಹತ್ತಿದೆ. ಹೊರದೇಶದ ಹಬ್ಬದ ಸಿನಿಮಾಗಳು, ಕನ್ನಡಕ್ಕೆ ಮಾತು ಕೂಡಿಸಿದವು. ನೀವೂ ನೋಡಿರುತ್ತೀರಿ. ಹೊರಗೆ ಹಿಮ ಬೀಳುತ್ತಿರುತ್ತದೆ. ದೊಡ್ಡ ಊರಿನ ನೌಕರಿಯ ಹುಡುಗಿ ಹಬ್ಬಕ್ಕೆ ಮನೆಗೆ ಬರುತ್ತಾಳೆ. ಅಲ್ಲಿ ಚೌಕಡಿ ಅಂಗಿಯ ಹುಡುಗನೊಬ್ಬ ಕಟ್ಟಿಗೆ ಒಡೆಯುತ್ತಿರುತ್ತಾನೆ. ಅಜ್ಜಿಯೊಬ್ಬಳು ಎಲ್ಲ ಬಲ್ಲವಳಂತೆ ನಗುತ್ತಾಳೆ. ‘ಓ ನನ್ನ ಪ್ರೀತಿಯ ಮೊಮ್ಮಗಳೇ, ಬಿಸ್ಕತ್ತು ಬೇಯಿಸುವ ಸಮಯವಾಯಿತು’ ಎಂದು ಯಾರ ಮನೆಯಲ್ಲೂ ಆಡದ ಕನ್ನಡದಲ್ಲಿ ಕರೆಯುತ್ತಾಳೆ. ಇಬ್ಬರ ಮೂಗಿಗೂ ಹಿಟ್ಟು ಹತ್ತುತ್ತದೆ. ಹಿಟ್ಟು ಹತ್ತಿತೆಂದರೆ ಮುಗಿಯಿತು.

ನನ್ನದೊಂದು ಕೆಟ್ಟ ಚಾಳಿಯಿದೆ, ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವುದು. ಆವತ್ತೂ ಕೂರುವ ಮೊದಲೇ ಹೇಳಿದೆ. “ಚಿಗವ್ವಾ, ಇವರಿಬ್ಬರದೂ ಲಗ್ನ ಆಕ್ಕೈತಿ ನೋಡು.”

“ನೀ ಸುಮ್ಮ ಕುಂದ್ರವಾ. ಲಗ್ನ ಆಕ್ಕೈತಂತ ನನಗೂ ಗೊತ್ತೈತಿ. ಆಂವ ಹೆಂಗ ಹೇಳ್ತಾನ ಅಂತ ನೋಡಾಕತ್ತೀನಿ.”

ಮೂಲೆಯಲ್ಲಿ ಕಾಕಾ ಹುರಿದ ಶೇಂಗಾ ತಿಕ್ಕಿ ಸಿಪ್ಪೆ ಹಾರಿಸುತ್ತ ಕೂತಿದ್ದ. ಚಿಗವ್ವ ಅವನತ್ತ ಗದ್ದ ಎತ್ತಿ ತೋರಿಸಿದಳು. “ನಮ್ಮ ಮನ್ಯಾಗೂ ಒಬ್ಬರು ಅದಾರ. ಒಂದ ಸಲ ಕೂಗಿದ್ರು, ಅದ ಮೊದಲು, ಅದ ಕಡೀಕು. ಮೊಮ್ಮಕ್ಕಳಾದುವು, ಬಾಯಿಂದ ಇನ್ನೊಂದು ಮಾತು ಹೊಂಡವಲ್ದು.”

ಕಾಕಾ ಸಿಪ್ಪೆಯನ್ನು ಇನ್ನಷ್ಟು ಜೋರಾಗಿ ಊದಿದ. ಚಿಗವ್ವ ನಗುತ್ತಲೇ ಹೇಳಿದ್ದಳು. ಆದರೂ ಅದು ಪೂರ್ತಿ ಚೇಷ್ಟೆಯಲ್ಲ ಎಂದು ನನಗನಿಸಿತು. ಅವಳಿಗೆ ಆ ಕೂಗು ಇನ್ನೊಂದು ಸಲ ಕೇಳಬೇಕಾಗಿತ್ತು.

ಆ ಕೂಗಿನ ಸಂಗತಿ ನಿಮಗೆ ಹೇಳದಿದ್ದರೆ ತಪ್ಪಾಗುತ್ತದೆ. ಆಗ ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಹೊಲ ಕುಕನೂರಿನ ಆಚೆ, ಎರೆ ಭೂಮಿ. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ನಮ್ಮ ಮಂದಿಯೆಲ್ಲ ಎಳ್ಳಮಾವಾಸ್ಯೆಯ ಚರಗಕ್ಕೆ ಮಾತ್ರ ತಪ್ಪದೆ ಅಲ್ಲಿ ಕೂಡುತ್ತಿದ್ದರು. ನಮ್ಮಲ್ಲಿ ಹಿಮವಿಲ್ಲ, ಆಳೆತ್ತರದ ಬಿಳಿಜೋಳವಿತ್ತು. ಬಿಸ್ಕತ್ತಿಲ್ಲ, ಬುಟ್ಟಿ ಬುಟ್ಟಿ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಇದ್ದವು. ಎಲ್ಲ ಬಲ್ಲವಳಂತೆ ನಗುವ ಅಜ್ಜಿಯೂ ಇದ್ದಳು, ಹಲ್ಲಿರಲಿಲ್ಲ ಅಷ್ಟೇ.

ಚರಗವೆಂದರೆ ಭೂಮಿತಾಯಿಗೆ ಉಣಿಸುವುದು. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಒಬ್ಬರು ಮುಂದೆ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತ ಹೋಗಬೇಕು. ಇನ್ನೊಬ್ಬರು ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ‘ಚಳ್ಳಾಂಬ್ರಿಗೋ’ ಎಂದು ಓಗೊಡಬೇಕು. ಅರ್ಥ ಕೇಳಬೇಡಿ. ನಾನು ಕೇಳಿದ್ದಕ್ಕೆ ಅಜ್ಜ “ಭೂಮಿತಾಯಿಗೆ ತಿಳೀತೈತಿ, ನಿನಗ್ಯಾಕ ಬೇಕು?” ಎಂದಿದ್ದ.

ಮುಂದೆ ಅಜ್ಜ, ಹಿಂದೆ ಮದುವೆಯಾಗದ ಮಗ. ಇದು ನಮ್ಮ ಮನೆಯ ರಿವಾಜು. ಹೀಗಾಗಿ ವೀರಣ್ಣ ಕಾಕಾನ ಕೈಗೆ ತಂಬಿಗೆ ಬಂದು ಬಹಳ ವರ್ಷಗಳಾಗಿದ್ದವು, ಬಿಟ್ಟು ಹೋಗುವ ಲಕ್ಷಣ ಕಾಣುತ್ತಿರಲಿಲ್ಲ. ಅವನು ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಆ ಯಂತ್ರಗಳ ಸದ್ದಿನಲ್ಲಿ ಮಾತಿಗಿಂತ ಕೈಸನ್ನೆಯೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. ಅವನಿಗೆ ಹೇಳಿ ಮಾಡಿಸಿದ ನೌಕರಿ. ಕನ್ಯೆ ನೋಡಲು ಕರೆದೊಯ್ದರೆ ಚಹಾದ ಬಸಿಯನ್ನೇ ನೋಡುತ್ತ ಕೂರುತ್ತಿದ್ದ. ಕುಷ್ಟಗಿಯಲ್ಲಿ ಒಬ್ಬರು “ಹುಡುಗಗ ಮಾತು ಬರತಾವಲ್ರೀ?” ಎಂದು ನೇರವಾಗಿಯೇ ಕೇಳಿಬಿಟ್ಟಿದ್ದರು.

ಆ ವರ್ಷ ಅಜ್ಜ ಜೋಳದ ನಡುವೆ ನಿಂತು “ಹುಲ್ಲುಲ್ಲಿಗೋ” ಎಂದ. ಪ್ರತಿ ವರ್ಷ ಅಜ್ಜನಿಂದ ಬೈಸಿಕೊಳ್ಳುವ ಸಣ್ಣ ದನಿಯಲ್ಲಿ ಕಾಕಾ ಗಂಟಲಲ್ಲೇ ಏನೋ ಅಂದ. ಅಷ್ಟರಲ್ಲಿ ಬದುವಿನ ಆಚೆಯಿಂದ ಗಂಟೆ ಹೊಡೆದಂಥ ಹೆಣ್ಣುದನಿ, “ಚಳ್ಳಾಂಬ್ರಿಗೋ!”

ಅಜ್ಜ ನಿಂತಲ್ಲೇ ನಿಂತ. “ಯಾರಬೇ ಅದು? ನಮ್ಮ ಕೂಗಿಗೆ ಮಂದಿ ಹೊಲದಾಗಿಂದ ಓ ಅಂದ್ರ ನಮ್ಮ ಪೀಕೆಲ್ಲಾ ಅಲ್ಲಿಗೆ ಹೊಕ್ಕೈತಿ!”

ನಡೆದದ್ದಿಷ್ಟು. ಪಕ್ಕದ ಹೊಲದ ಸೋಮಪ್ಪನೂ ಚರಗ ಚೆಲ್ಲುತ್ತಿದ್ದ. ನೆಗಡಿಯಾಗಿ ಅವನ ದನಿ ಕುಂತಿತ್ತು. ಹಿಂದೆ ತಂಬಿಗೆ ಹಿಡಿದವಳು ಹಬ್ಬಕ್ಕೆಂದು ಅಕ್ಕನ ಮನೆಗೆ ಬಂದ ಅವನ ನಾದಿನಿ. ಎತ್ತರದ ಜೋಳದಲ್ಲಿ ಭಾವ ಕಾಣದೆ, ಕೇಳಿದ ಕೂಗೇ ಭಾವನದೆಂದು ಅವಳು ಓಗೊಟ್ಟಿದ್ದಳು. ಅಜ್ಜ ಪರಿಹಾರವನ್ನೂ ತಾನೇ ಹುಡುಕಿದ. “ಓ ಅಂದಾಕಿನ್ನ ಕರಕೊಂಡ ಬರ್ರಿ. ನಮ್ಮ ಹೊಲದಾಗ ಉಂಡು ಹೋಗಲಿ.”

ನಾನೇ ಹೋಗಿ ಕರೆತಂದೆ. ಗೌರವ್ವ ನಾಚಿಕೆಯಿಂದ ಕೆಂಪಾಗಿದ್ದಳು, ನಗುವನ್ನೂ ತಡೆಯಲಾಗದೆ ಒದ್ದಾಡುತ್ತಿದ್ದಳು. ಬಡಿಸುವ ಕೆಲಸವನ್ನು ಅಜ್ಜಿ ಬೇಕೆಂದೇ ಕಾಕಾನಿಗೆ ಹಚ್ಚಿದಳು. ಅವನಿಗೆ ‘ಸಾಕೇನ್ರಿ’ ಎಂದು ಕೇಳಲು ಬಾಯಿ ಬರಬೇಕಲ್ಲ! ಹೋಳಿಗೆಯ ಮೇಲೆ ಹೋಳಿಗೆ ಇಡುತ್ತಲೇ ಹೋದ. ಕೊನೆಗೆ ಅವಳೇ ಕೈ ಅಡ್ಡ ಹಿಡಿದು, “ನಮ್ಮೂರಿಗೂ ಒಂದಿಷ್ಟು ಕಟ್ಟಿ ಕೊಡ್ರಲ್ಲ” ಎಂದಳು. ಎಲ್ಲರೂ ನಕ್ಕರು. ಕಾಕಾ ಮಾತ್ರ ಓಡಿ ಹೋಗಿ ಒಂದು ಅರಿವೆ ತಂದು ನಿಜವಾಗಿಯೂ ಕಟ್ಟಿಕೊಟ್ಟ.

ಹೊತ್ತು ಇಳಿಯುವಾಗ ಸೋಮಪ್ಪ ಚಕ್ಕಡಿ ಹೂಡಿದ. ಗೌರವ್ವನ ಅಕ್ಕ ನಮ್ಮ ಅಜ್ಜಿಗೆ, “ನಾಡದು ಈಕಿನ್ನ ನೋಡಾಕ ಯಲಬುರ್ಗಾದಾಗಿಂದ ಬರತಾರ್ರಿ. ಬಹುತೇಕ ಗಟ್ಟಿ ಆದಂಗ” ಎಂದಳು. ಅಲ್ಲಿದ್ದ ಅಷ್ಟೂ ಮಂದಿ ಕಾಕಾನತ್ತ ತಿರುಗಿದೆವು. ಕಾಕಾ ಎತ್ತಿನ ಕೊಂಬನ್ನು ನೋಡುತ್ತ ನಿಂತಿದ್ದ. ನನಗಂತೂ ಅವನ ಬೆನ್ನಿಗೊಂದು ಗುದ್ದಬೇಕೆನಿಸಿತು. ಚಕ್ಕಡಿ ಹೊರಟೇಬಿಟ್ಟಿತು.

ಅದು ದಾರಿಯ ತಿರುವಿಗೆ ಹೋದಾಗ ನನ್ನ ಪಕ್ಕದಲ್ಲಿ ಯಾರೋ ಕೂಗಿದರು.

“ಹುಲ್ಲುಲ್ಲಿಗೋ!”

ಅಷ್ಟು ದೊಡ್ಡ ದನಿ ಕಾಕಾನೊಳಗೆ ಎಲ್ಲಿತ್ತೋ ಕಾಣೆ, ಜೋಳದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಚರಗ ಮುಗಿದಿತ್ತು. ಮುಂದೆ ನಡೆಯುವವರ ಆ ಕೂಗು ಅಜ್ಜನ ಹಕ್ಕು. ಆದರೆ ಅಜ್ಜ ಚಕ್ಕಡಿಯತ್ತಲೇ ಕಿವಿಗೊಟ್ಟು ನಿಂತ. ಚಕ್ಕಡಿ ಒಂದಿಷ್ಟು ದೂರ ಹಾಗೇ ಹೋಯಿತು. ಅಜ್ಜಿ ನನ್ನ ಕೈ ಹಿಸುಕುತ್ತಿದ್ದಳು. ಆಮೇಲೆ ಅದೇ ಗಂಟೆಯ ದನಿ ಬಂತು, “ಚಳ್ಳಾಂಬ್ರಿಗೋ!”

ಯಲಬುರ್ಗಾದವರು ಬಂದು ಅವಲಕ್ಕಿ ತಿಂದು ಹೋದರಂತೆ. ಉಗಾದಿ ಕಳೆದ ಮೇಲೆ ಕಾಕಾನ ಲಗ್ನವಾಯಿತು. ತಂಬಿಗೆ ಬೇರೆಯವರ ಪಾಲಾಯಿತು. ಕಾಕಾ ಮತ್ತೆ ಎಂದಿನಂತೆ ಮೌನಕ್ಕಿಳಿದ.

ಟಿ.ವಿ.ಯಲ್ಲಿ ಆ ಹುಡುಗ ಹಿಮದಲ್ಲಿ ಬೀಳುತ್ತ ಏಳುತ್ತ ರೈಲು ನಿಲ್ದಾಣಕ್ಕೆ ಓಡಿದ. ಹುಡುಗಿ ತಿರುಗಿ ನೋಡಿದಳು. ಅವನು ಬಾಯಿ ತೆರೆದ. ಕರೆಂಟು ಹೋಯಿತು.

“ಅಯ್ಯ, ಇವರ!” ಚಿಗವ್ವನಿಗೆ ಅಳುವೇ ಬಂದಿತ್ತು. “ನಿನಗೆಲ್ಲಾ ಮೊದಲ ಗೊತ್ತಿರತೈತಲ್ಲ, ಹೇಳವಾ. ಏನಂದ ಆಂವ?”

ಲಗ್ನವಾಗುತ್ತದೆ ಎಂದು ಇಷ್ಟು ದಿನ ಜಂಬದಿಂದ ಹೇಳಿದ ನನಗೆ, ಏನಂದ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೂಲೆಯಲ್ಲಿ ಮೊರದ ಸದ್ದು ನಿಂತಿತು. ಕಾಕಾ ಗಂಟಲು ಸರಿಮಾಡಿಕೊಂಡ.

“ಹುಲ್ಲುಲ್ಲಿಗೋ.”

ಅಜ್ಜನಿಂದ ಬೈಸಿಕೊಳ್ಳುತ್ತಿದ್ದ ಅದೇ ಸಣ್ಣ ದನಿ. ಚಿಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

“ಏನಂದ್ರಿ? ಕೇಳಿಸಲಿಲ್ಲ.”

ನನಗೆ ಕೇಳಿಸಿತ್ತು, ಅವಳಿಗೆ ಕೇಳಿಸದೇ ಇರುತ್ತದೆಯೇ! ಕಾಕಾ ನನ್ನನ್ನು ನೋಡಿದ. ನಾನು ಬೇಕೆಂದೇ ಗೋಡೆಯ ಕ್ಯಾಲೆಂಡರು ನೋಡತೊಡಗಿದೆ. ಮೊರ ಕೆಳಗಿಟ್ಟು ಅವನು ಕೂಗಿದ ಕೂಗಿಗೆ ಎದುರು ಮನೆಯ ಕಿಟಕಿ ತೆರೆಯಿತು.

“ಚಳ್ಳಾಂಬ್ರಿಗೋ” ಎಂದಳು ಚಿಗವ್ವ. ಈ ಸಲ ಮೆಲ್ಲಗೆ, ಅವನೊಬ್ಬನಿಗೇ.

ಕರೆಂಟು ಬಂತು. ಟಿ.ವಿ. ಹಚ್ಚಲು ಯಾರೂ ಏಳಲಿಲ್ಲ. ಆ ಹುಡುಗ ಏನಂದನೋ ನನಗೆ ಇವತ್ತಿಗೂ ತಿಳಿಯದು. ಒಲೆಯ ಮೇಲೆ ಇನ್ನೊಂದು ಬಾಣಲೆ ಶೇಂಗಾ ಸೀಯುತ್ತಿತ್ತು. ಆ ಇಬ್ಬರಿಗೂ ವಾಸನೆ ಬಂದಂತೆ ಕಾಣಲಿಲ್ಲ. ನಾನೇ ಹೋಗಿ ಗ್ಯಾಸು ಆರಿಸಿದೆ.