ಶಾಲು ಯಾರಿಗೆ?

ಮೇಡಂ ಅವರ ಬಲಹುಬ್ಬು ನಡುವೆ ತುಂಡಾಗಿತ್ತು. ಎಡಹುಬ್ಬೋ ಏನೋ, ಎದುರು ಬೆಂಚಿನಿಂದ ನೋಡಿದ ನನ್ನ ನೆನಪು ಎಡಬಲ ಅದಲುಬದಲು ಮಾಡಿರಬಹುದು. ಚಿಕ್ಕಂದಿನಲ್ಲಿ ಚನ್ನರಾಯಪಟ್ಟಣದ ಮನೆಯ ತಾರಸಿಯಲ್ಲಿ ನಕ್ಷತ್ರ ನೋಡುತ್ತ ನಡೆದು ನೀರಿನ ತೊಟ್ಟಿಗೆ ಹಣೆ ಒಡೆದುಕೊಂಡ ಗುರುತಂತೆ. ಸಿಟ್ಟು ಬಂದರೆ ಆ ಹುಬ್ಬಿನ ಒಂದು ತುಂಡು ಮಾತ್ರ ಮೇಲೇರುತ್ತಿತ್ತು.

ಹೊಳೆನರಸೀಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಶನಿವಾರದ ಕೊನೆಯ ಪೀರಿಯಡ್ ಆಕಾಶ ನೋಡಿದ ಹೆಂಗಸರಿಗೆ ಮೀಸಲು. ವಿದೇಶಿ ಹೆಸರುಗಳು ನಮ್ಮ ನಾಲಗೆಗೆ ಹತ್ತದೆ ಹೋದಾಗ ಅವರೇ ನಂಟು ಕಟ್ಟಿದರು. ಅಣ್ಣನ ದೂರದರ್ಶಕಕ್ಕೆ ಕನ್ನಡಿ ಉಜ್ಜಿಕೊಟ್ಟು, ತಾನೂ ಧೂಮಕೇತುಗಳನ್ನು ಕಂಡುಹಿಡಿದವಳು ಧೂಮಕೇತು ಅತ್ತೆ. ಆಕಾಶದ ಫೋಟೊ ಮೂಡಿದ ಗಾಜುಗಳನ್ನು ನೋಡಿ ನೋಡಿ ನಕ್ಷತ್ರಗಳ ದೂರ ಅಳೆಯುವ ದಾರಿ ತೋರಿಸಿದವಳು ಗಾಜಿನ ಚಿಕ್ಕಮ್ಮ. ಸೂರ್ಯನಲ್ಲಿರುವುದು ಬಹುಪಾಲು ಹೈಡ್ರೋಜನ್ ಎಂದು ಕಂಡುಕೊಂಡು, ದೊಡ್ಡವರೊಬ್ಬರು ಒಪ್ಪದ್ದಕ್ಕೆ ತನ್ನ ಮಾತನ್ನು ತಾನೇ ಅಲ್ಲಗಳೆದು ಬರೆಯಬೇಕಾಗಿ ಬಂದವಳು ಸೂರ್ಯನ ಅಕ್ಕ. ನಮ್ಮಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಪಾತ್ರ. ಶನಿವಾರದ ಹಾಜರಿಯೂ ಅದೇ ಹೆಸರಿನಲ್ಲಿ. ನಾನು ಗಾಜಿನ ಚಿಕ್ಕಮ್ಮ.

ಪ್ರತಿ ಕತೆ ಮುಗಿದಾಗಲೂ ಮೇಡಂ ಕೇಳುತ್ತಿದ್ದರು, "ಶಾಲು ಯಾರಿಗೆ?" ನಾವು ಒಟ್ಟಿಗೆ ಕಿರುಚುತ್ತಿದ್ದೆವು, "ಮಾಡ್ದೋರ್ಗಲ್ಲ!" ಕಿಟಕಿಯಾಚೆ ನಿಂತ ಬೇರೆ ಕ್ಲಾಸಿನವರಿಗೂ ಅದು ಬಾಯಿಪಾಠವಾಗಿತ್ತು.

ಆ ಕತೆಗಳನ್ನೇ ಮೇಡಂ ನಾಟಕವಾಗಿ ಬರೆದು ಕಲಿಸಿದರು, ಹಾಸನದ ಸ್ಪರ್ಧೆಗೆ ಹೊರಟೆವು. ಹೊರಡುವ ಬೆಳಿಗ್ಗೆ ಹೆಡ್‌ಮಾಸ್ಟರು ಮೇಡಂಗೆ ಬೇರೆ ಕೆಲಸ ಹಚ್ಚಿ ತಾವೇ ನಮ್ಮ ಜೊತೆ ಬಸ್ಸು ಹತ್ತಿದರು. ರಚನೆ, ನಿರ್ದೇಶನ ಎಂದು ಮೈಕಿನಲ್ಲಿ ತಮ್ಮ ಹೆಸರು ಹೇಳಿಸಿದರು. ಬಹುಮಾನ ಬಂತು. ಮಾರನೆಯ ದಿನ ಚಾಕ್‌ಪೀಸಿಗೆ ಹೋದವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತುಬಿಟ್ಟೆ.

"ಏನಮ್ಮಾ, ಸ್ಕೂಲಿಗೆ ಎಸ್ರು ಬಂದ್ರೆ ಸಾಲ್ದಾ? ನಿಂದು ನಂದು ಅಂತ ಯಾಕಂಗಾಡ್ತೀಯ?" ಎಂದರು ಹೆಡ್‌ಮಾಸ್ಟರು.

"ಹಂಗಾದ್ರೆ ನಿಮ್ದು ಅಂತ ಯಾಕೆ ಹೇಳ್ಸಿದ್ರಿ ಸಾರ್?" ಹುಬ್ಬಿನ ತುಂಡು ಮೇಲೆ ಹೋಗಿತ್ತು.

ಮನೆಯಲ್ಲಿ ಅವ್ವ, "ಓಗ್ಲಿ ಬುಟ್ಬುಡಿ ಅನ್ನೆ ನಿಮ್ ಮೇಡಮ್ಗೆ, ದೊಡ್ಗುಣ ಅದು" ಎಂದಳು. ನಾನು ಪೆದ್ದಿ, ಹೋಗಿ ಹೇಳಿಯೂಬಿಟ್ಟೆ. ಮೇಡಂ ನಕ್ಕರು. "ಅಷ್ಟು ದೊಡ್ಡ ಗುಣ ಇಟ್ಕೊಳ್ಳೋಕೆ ನಮ್ಮನೇಲಿ ಜಾಗ ಇಲ್ಲ ಕಣೆ."

ಬಹುಮಾನ ತಂದದ್ದಕ್ಕೆ ಹೆಡ್‌ಮಾಸ್ಟರಿಗೆ ಶಾಲೆಯಲ್ಲಿ ಸನ್ಮಾನವಾಯಿತು. ನಿರೂಪಣೆಯನ್ನು ಮೇಡಂ ತಾವಾಗಿಯೇ ಕೇಳಿ ವಹಿಸಿಕೊಂಡಿದ್ದರು. ಪೇಟ ಆಯಿತು, ಹಾರ ಆಯಿತು. ಅತಿಥಿಗಳು ಶಾಲು ಬಿಡಿಸಿ ಹಿಡಿದರು. ಮೇಡಂ ಮೈಕಿನಲ್ಲಿ ಮೆಲ್ಲಗೆ, "ಮಕ್ಕಳೇ, ಈಗ ಶಾಲು ಯಾರಿಗೆ?" ಎಂದರು.

ಇಡೀ ಶಾಲೆ ಅಭ್ಯಾಸಬಲದಿಂದ ಕೂಗಿತು: "ಮಾಡ್ದೋರ್ಗಲ್ಲ!"

ಅತಿಥಿಗಳು ಶಾಲು ಹಿಡಿದು ನಿಂತೇ ಇದ್ದರು. ಪೇಟದ ಕೆಳಗಿಂದ ಹೆಡ್‌ಮಾಸ್ಟರ ಬೆವರಿಳಿಯುವುದನ್ನು ಕಂಡೆ ಎಂದು ಬರೆಯುವ ಆಸೆ. ಅಷ್ಟು ಹಿಂದೆ ಕೂತವಳಿಗೆ ಬೆವರು ಕಾಣುವುದುಂಟೆ? ಅದನ್ನು ನನ್ನ ಸೇಡು ಆಮೇಲೆ ಸೇರಿಸಿರಬೇಕು.

ಮುಂದಿನ ವರ್ಷ ಮೇಡಂಗೆ ಅರಕಲಗೂಡಿನ ಕಡೆಯ ಹಳ್ಳಿಗೆ ವರ್ಗವಾಯಿತು. "ಅಲ್ಲಿ ರಾತ್ರಿ ಇನ್ನೂ ಕಪ್ಪಗಿರುತ್ತೆ, ನನಗೇ ಲಾಭ" ಎಂದು ಹೊರಟರು. ನಮ್ಮ ಶನಿವಾರ ನಿಂತುಹೋಯಿತು. ಮಿಡಿಯುವ ನಕ್ಷತ್ರದ ಸುಳಿವನ್ನು ಮೊದಲು ಗುರುತಿಸಿದ ವಿದ್ಯಾರ್ಥಿನಿಯ ಕತೆ ಬಾಕಿಯಿತ್ತು. ಅದನ್ನು ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ನಾನೇ ಓದಿಕೊಂಡೆ. ಪ್ರಶಸ್ತಿ ಅವಳ ಗೈಡಿಗೆ ಹೋಗಿತ್ತು.

ಹೋದ ತಿಂಗಳು ಮೇಡಂ ತೀರಿಕೊಂಡರು. ಚನ್ನರಾಯಪಟ್ಟಣದ ಶ್ರದ್ಧಾಂಜಲಿ ಸಭೆಗೆ ಹೆಡ್‌ಮಾಸ್ಟರೂ ಕೋಲೂರಿಕೊಂಡು ಬಂದಿದ್ದರು. "ನಾನು ಯೋಳ್ಕೊಟ್ಟ ನಾಟ್ಕವ ಆವಮ್ಮ ಎಷ್ಟ್ ಚೆಂದಾಗಿ ಮಾಡ್ಸಿದ್ರು!" ಎಂದು ಕಣ್ಣೊರೆಸಿಕೊಂಡರು. ಅವರಿಗೆ ಹಾಗೆಯೇ ನೆನಪಿರಬಹುದು. ನನ್ನ ನೆನಪನ್ನೇ ನಂಬದ ನಾನು ಅವರದನ್ನು ದೂರುವುದು ಹೇಗೆ? ಅವರಿಗೆ ವಯಸ್ಸೂ ಆಗಿದೆ.

ಮೈಕ್ ನನ್ನ ಕೈಗೆ ಬಂತು. ಫೋಟೊದ ಹಾರ ಮೇಡಂ ಹುಬ್ಬು ಮುಚ್ಚಿತ್ತು; ಸರಿಸಿದೆ. ಬಲಹುಬ್ಬೇ.

"ಶಾಲು ಯಾರಿಗೆ?" ಎಂದೆ.

ಧೂಮಕೇತು ಅತ್ತೆ, ಸೂರ್ಯನ ಅಕ್ಕ, ಹಿಂದೆ ಕೂತಿದ್ದ ನಮ್ಮವರೆಲ್ಲ ಎದ್ದು ನಿಂತು ಕೂಗಿದರು. ಶ್ರದ್ಧಾಂಜಲಿ ಸಭೆಯಲ್ಲಿ ಅಷ್ಟು ಜೋರಾಗಿ ಕೂಗಬಾರದು.

ಸೂರ್ಯನ ಅಕ್ಕನ ಪುಟ್ಟ ಮಗಳು ಬೆಚ್ಚಿ, "ಅಮ್ಮಾ, ಯಾಕಂಗ್ ಕಿರುಚ್ಕೊಂಡ್ರಿ ಎಲ್ರೂ?" ಎಂದಳು. ಸಭೆ ಮುಗಿದ ಮೇಲೆ ಅವಳನ್ನು ಹೆಡ್‌ಮಾಸ್ಟರ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡು, ಅವರಿಗೂ ಚೆನ್ನಾಗಿ ಕೇಳಿಸುವ ಹಾಗೆ, ಧೂಮಕೇತು ಅತ್ತೆಯಿಂದ ಶುರುಮಾಡಿ ಒಂದೊಂದೇ ಕತೆ ಹೇಳಿದೆವು.